ಕನ್ನಡದಲ್ಲಿ ರಾಕ್ ಹಾಡಿ ಬದುಕುವುದು ಹೇಗೆ: ನೌಕರಿ ಬಿಡುವ ಮೊದಲು ಇದನ್ನೊಮ್ಮೆ ಓದಿ

ತಿಂಗಳಿಗೆ ಎರಡು ಮೂರು ಮೆಸೇಜ್ ಬರುತ್ತವೆ. "ಅಣ್ಣಾ, ನಾನೂ ಹಾಡು ಬರೀತೀನಿ, ಗಿಟಾರ್ ಬರುತ್ತೆ, ಕನ್ನಡದಲ್ಲೇ ರಾಕ್ ಮಾಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?" ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಹಾಕಿಬಿಡುತ್ತಿದ್ದೇನೆ. ನಾನು ಸ್ಟಾರ್ ಏನಲ್ಲ. ಹಾನಗಲ್ ಕಡೆಯವನು, ಬೆಂಗಳೂರಿನಲ್ಲಿ ವಾರಕ್ಕೆ ಐದು ದಿನ ಆಫೀಸು, ಉಳಿದ ಹೊತ್ತಿನಲ್ಲಿ ಹತ್ತು ವರ್ಷದಿಂದ ಸ್ವಂತ ಹಾಡು. ಮಾಡಿದ ತಪ್ಪುಗಳು ಮಾತ್ರ ಫುಲ್ ಟೈಮ್ ಕಲಾವಿದರಷ್ಟೇ ಇವೆ.

ಆಗದ ಕೆಲಸವೇನಲ್ಲ ಇದು. ಮೈಸೂರಿನಲ್ಲಿ ಬೆಳೆದ, ಮೈಕ್ರೋಬಯಾಲಜಿ ಓದಿದ, ಭರತನಾಟ್ಯ ಕಲಿತಿದ್ದ ರಘು ದೀಕ್ಷಿತ್ ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. 2011ರಲ್ಲಿ ಅವರು ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತ ಉತ್ಸವದಲ್ಲಿ ಕನ್ನಡ ಹಾಡು ಹಾಡಿ ಬಂದರು. ನಾವು ಆ 2011ನ್ನು ನೋಡುತ್ತೇವೆ, 2008ಕ್ಕೆ ಮುಂಚಿನ ವರ್ಷಗಳನ್ನು ನೋಡುವುದಿಲ್ಲ. ಕಂಪನಿಗಳ ಬಾಗಿಲು ತಟ್ಟಿದ್ದು, ಕಾಲೇಜು ಸ್ಟೇಜುಗಳಲ್ಲಿ ಹಾಡಿದ್ದು, ಬ್ಯಾಂಡಿನ ಜನ ಬದಲಾದದ್ದು ಎಲ್ಲ ಅಲ್ಲೇ ಇದೆ. ನಿಮ್ಮ ಲೆಕ್ಕವನ್ನೂ ಆ ವರ್ಷಗಳಿಗೇ ಹಾಕಿಕೊಳ್ಳಿ.

ಮೊದಲು ಮಾತು, ಆಮೇಲೆ ಗಿಟಾರ್

ಹೊಸಬರು ಕಳಿಸುವ ಹತ್ತು ಡೆಮೊದಲ್ಲಿ ಎಂಟರ ಕಥೆ ಒಂದೇ. ಇಂಗ್ಲಿಷ್ ಹಾಡಿನ ಅಚ್ಚಿಗೆ ಕನ್ನಡ ಸುರಿದಿರುತ್ತಾರೆ. ಟ್ಯೂನು ಮೊದಲು ಬಂದಿರುತ್ತದೆ, ಏನೋ ಗುಣುಗುತ್ತಾ ಇದ್ದಾಗ ಎಲ್ಲಿ ಎಳೆಯಬೇಕು ಎಲ್ಲಿ ಕಡಿಯಬೇಕು ಅಂತ ಗಟ್ಟಿಯಾಗಿಬಿಟ್ಟಿರುತ್ತದೆ, ಆಮೇಲೆ ಪದಗಳನ್ನು ತುರುಕಲು ಹೋಗುತ್ತಾರೆ. ಕನ್ನಡ ಅದಕ್ಕೆ ಬಗ್ಗುವುದಿಲ್ಲ. ನಮ್ಮಲ್ಲಿ ಹ್ರಸ್ವ ದೀರ್ಘ ಬದಲಾದರೆ ಅರ್ಥವೇ ಬದಲಾಗುತ್ತದೆ.

ನನಗೆ ಇದನ್ನು ಕಲಿಸಿದ್ದು ಯಾವ ಮ್ಯೂಸಿಕ್ ಸ್ಕೂಲೂ ಅಲ್ಲ, ನಮ್ಮೂರಿನ ಭಜನಾ ಮೇಳದ ಒಬ್ಬ ಅಜ್ಜ. ಗಣಪತಿ ಪೆಂಡಾಲಿನಲ್ಲಿ ನನ್ನ ಹೊಸ ಹಾಡು ಹಾಡಿದ್ದೆ. ಅದರಲ್ಲಿ "ಬಳೆಯ ಸದ್ದು" ಅಂತ ಒಂದು ಸಾಲು, ಆ "ಬ" ಮೇಲೆ ಎರಡು ಬೀಟ್ ನಿಲ್ಲಿಸಿ ಒಳ್ಳೇ ಭಾವ ಬಂತು ಅಂತ ನಾನೇ ಖುಷಿಪಟ್ಟಿದ್ದೆ. ಕೆಳಗಿಳಿದ ಮೇಲೆ ಅಜ್ಜ ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. "ತಮ್ಮಾ, ಹಾಡು ಚಲೋ ಐತಿ. ಆದ್ರ ಬಾಳೆ ಎಲ್ಲಿ ಸದ್ದು ಮಾಡ್ತೈತಿ?" ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಬಳೆ ಎಳೆದೆಳೆದು ಬಾಳೆ ಆಗಿತ್ತು. "ಹೌದ್ರಿ ಅಜ್ಜಾರ" ಅಂದು ತಲೆ ತಗ್ಗಿಸಿಕೊಂಡು ಬಂದೆ. ಅವತ್ತಿನಿಂದ ಟ್ಯೂನು ಕೂಡಿಸುವ ಮೊದಲು ಸಾಲನ್ನು ಹತ್ತು ಸಲ ಸುಮ್ನೆ ಮಾತಿನ ಹಾಗೆ ಜೋರಾಗಿ ಓದುತ್ತೇನೆ. ದೀರ್ಘ ಇರುವ ಕಡೆ ಎಳೆಯಿರಿ, ಹ್ರಸ್ವ ಇರುವ ಕಡೆ ಬೇಗ ಬಿಟ್ಟು ಮುಂದೆ ಹೋಗಿ. ಒತ್ತಕ್ಷರ ಇದ್ದರಂತೂ ಹಬ್ಬ. ಕಟ್ಟು, ಬಿಟ್ಟು, ಸುತ್ತು, ಹೊತ್ತು ಇವೆಲ್ಲ ಬಾಯಲ್ಲೇ ಒಂದು ಕ್ಷಣ ತಡೆದು ಒಡೆಯುತ್ತವೆ. ಗಿಟಾರಿನಲ್ಲಿ ಅಂಗೈ ಒತ್ತಿ ಬಾರಿಸುವ ಪಾಮ್ ಮ್ಯೂಟ್ ಜೊತೆ ಅವನ್ನು ಕೂರಿಸಿ ನೋಡಿ, ಹೇಳಿ ಮಾಡಿಸಿದ ಹಾಗೆ ಕೂರುತ್ತವೆ.

ಪ್ರಾಸದ ವಿಷಯವೂ ಹಾಗೇ. ಸಾಲಿನ ಕೊನೆಗೆ "ನೀನು", "ನಾನು", "ಜೇನು" ಅಂತ ಹುಡುಕುತ್ತಾ ಕೂರುತ್ತೇವೆ. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಇರುವುದು ಸಾಲಿನ ತಲೆಯಲ್ಲಿ. ಎಲ್ಲ ಸಾಲಿನ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ. ಉದಾಹರಣೆಗೆ ಈಗಷ್ಟೇ ಹೊಸೆದ ನಾಲ್ಕು ಸಾಲು:

ಕೆರೆಯ ಏರಿ ಮೇಲೆ ನಿಂತೆ
ಮರದ ನೆರಳು ನೀರಿನೊಳಗೆ
ಬರದ ಬಸ್ಸ ಕಾದು ಕುಂತೆ
ಇರುಳು ಇಳಿದು ಬಂತು ಒಳಗೆ

ಕವಿತೆ ಅಂತ ಏನೂ ದೊಡ್ಡದಲ್ಲ, ಆದರೆ ಗಿಟಾರ್ ಹಿಡಿದು ಹಾಡಿ ನೋಡಿ. ನಾಲ್ಕೂ ಸಾಲಿನಲ್ಲಿ ಎರಡನೆಯ ಅಕ್ಷರ "ರ"ಕಾರ, ಹಾಗಾಗಿ ರಿಫ್ (ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ತುಣುಕು) ಬಿದ್ದ ಮರುಕ್ಷಣವೇ ಅದೇ ಸದ್ದು ಬಂದು ಬಡಿಯುತ್ತದೆ. ಮಾತ್ರೆ ಎಣಿಸಿದರೆ ಪ್ರತಿ ಸಾಲಿನಲ್ಲೂ ಮೂರು ಮೂರರ ನಾಲ್ಕು ಗುಂಪು, ಒಟ್ಟು 12. ಬ್ಲೂಸ್ ರಾಕ್‌ನವರು 12/8 ಶಫಲ್ ಅನ್ನುತ್ತಾರಲ್ಲ, ಅದೇ ಲೆಕ್ಕ. ಕರ್ನಾಟಕ ಸಂಗೀತದ ಮಿಶ್ರಛಾಪು ತಾಳದ 3+4 ಇಟ್ಟುಕೊಂಡರೆ ಪ್ರೋಗ್ರೆಸಿವ್ ಬ್ಯಾಂಡುಗಳು ಮೆರೆಸುವ 7/8 ಬಂತು. ನಮ್ಮ ಅಜ್ಜಿಯರು ಕುಟ್ಟುತ್ತಾ ಬೀಸುತ್ತಾ ಇದನ್ನೆಲ್ಲ ಲೆಕ್ಕ ಹಾಕದೆ ಹಾಡಿದ್ದಾರೆ, ನಾವು ಲಯ ತೋರಿಸುವ ಮೆಟ್ರೋನೋಮ್ ಇಟ್ಟುಕೊಂಡು ಒದ್ದಾಡುತ್ತೇವೆ.

ಇನ್ನೊಂದು. ನಿಮ್ಮ ಊರಿನ ಮಾತಿನಲ್ಲಿ ಬರೆಯಿರಿ. ಕುಂದಾಪುರದವರು ಕುಂದಾಪುರದ ಹಾಗೆ, ಚಾಮರಾಜನಗರದವರು ಅಲ್ಲಿನ ಹಾಗೆ. ಆದರೆ ನಿಮ್ಮದಲ್ಲದ ಊರಿನ ಮಾತು ಬೇಡ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವರು ಸಾಲಿಗೊಂದು "ಐತ್ರಿ" ಸೇರಿಸಿದರೆ ಧಾರವಾಡದವರಿಗೆ ಮೊದಲ ಸಾಲಿಗೇ ಗೊತ್ತಾಗುತ್ತದೆ.

ಸ್ವರ, ತಾಳ, ಒಂದಿಷ್ಟು ಬೆಂಕಿ

ರಾಕ್ ಗಿಟಾರ್ ಕಲಿತವರಿಗೆಲ್ಲ ಮೊದಲು ಹೇಳಿಕೊಡುವುದು ಮೈನರ್ ಪೆಂಟಟಾನಿಕ್ ಅನ್ನುವ ಸ್ವರಶ್ರೇಣಿ. ಅದು ನಮ್ಮ ಶುದ್ಧ ಧನ್ಯಾಸಿ ರಾಗದ ಐದು ಸ್ವರಗಳೇ. ಮೇಜರ್ ಪೆಂಟಟಾನಿಕ್ ಅಂದರೆ ಮೋಹನ ರಾಗ. ನಮ್ಮ ಜನಪದ ಧಾಟಿಗಳಲ್ಲಿ ಎಷ್ಟೋ ನಾಲ್ಕೈದು ಸ್ವರದಲ್ಲೇ ಮುಗಿಯುತ್ತವೆ, ಹಾಗಾಗಿ ರಾಕ್ ಜೊತೆ ಅವು ಸೇರಲು ಒದ್ದಾಟವೇನಿಲ್ಲ. ಒದ್ದಾಟ ಬರುವುದು ನಾವು ಪ್ರತಿ ಸಾಲಿಗೂ ನಾಲ್ಕು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಹಾಕಲು ಹೋದಾಗ. ಕಾರ್ಡಿನಲ್ಲಿ ಗಾಂಧಾರ ಇದ್ದರೆ ಹಾಡುವವರ ಗಾಂಧಾರ ಅಲುಗಾಡಿದಾಗ ಎರಡೂ ಜಗಳವಾಡುತ್ತವೆ. ಪವರ್ ಕಾರ್ಡಿನಲ್ಲಿ ಷಡ್ಜ ಪಂಚಮ ಬಿಟ್ಟರೆ ಬೇರೇನೂ ಇಲ್ಲ, ಕಂಠಕ್ಕೆ ಜಾಗ ಸಿಗುತ್ತದೆ. ಡಿಸ್ಟಾರ್ಷನ್ (ಸದ್ದನ್ನು ಒರಟಾಗಿಸುವ ಎಫೆಕ್ಟ್) ಹಾಕಿದ ಪವರ್ ಕಾರ್ಡ್ ಒಂಥರಾ ಸಿಟ್ಟಿಗೆದ್ದ ತಂಬೂರಿ ಅಂದುಕೊಳ್ಳಿ.

ಡೊಳ್ಳು ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಸೇರಿಸಿ, ಆದರೆ ಡ್ರಮ್ಮರ್‌ಗೆ ಆ ಜಾಗದಲ್ಲಿ ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಕೈಬಿಡಲು ಹೇಳಿ. ಎರಡರ ಸದ್ದೂ ಕೆಳಗಿನ ಸ್ಥಾಯಿಯಲ್ಲೇ ಇರುವುದರಿಂದ ಒಟ್ಟಿಗೆ ಬಾರಿಸಿದರೆ ಸ್ಪೀಕರಿನಲ್ಲಿ ಬರೀ ಗುಂಯ್ ಅನ್ನುತ್ತದೆ. ತಮಟೆಯದ್ದು ಬೇರೆ ಕಥೆ. ಚರ್ಮದ ತಮಟೆಯನ್ನು ಬೆಂಕಿಗೆ ಹಿಡಿದು ಕಾಯಿಸಿದರೇನೇ ಶ್ರುತಿ ಏರುವುದು, ಎಸಿ ಆಡಿಟೋರಿಯಂನಲ್ಲಿ ಯಾರೂ ಬೆಂಕಿ ಹಾಕಲು ಬಿಡುವುದಿಲ್ಲ. ಹಿಂದಿನ ಗೇಟಿನ ಹತ್ತಿರ ಪೇಪರ್ ಉರಿಸಿ ಕಾಯಿಸಿಕೊಂಡು ಓಡಿ ಬಂದದ್ದೂ ಇದೆ. ಈಗ ಫೈಬರ್ ತಮಟೆ ಸಿಗುತ್ತದೆ, ಸದ್ದು ಅಷ್ಟು ಚೆನ್ನಾಗಿಲ್ಲ, ಕೆಲಸ ನಡೆಯುತ್ತದೆ. ಬಾರಿಸುವವರಿಗೆ ಬ್ಯಾಂಡಿನ ಉಳಿದವರಷ್ಟೇ ದುಡ್ಡು ಕೊಡಿ, ಪೋಸ್ಟರ್‌ನಲ್ಲಿ ಹೆಸರು ಹಾಕಿ. "ಜಾನಪದ ತಂಡದೊಂದಿಗೆ" ಅಂತ ಬರೆದು ಕೈ ತೊಳೆದುಕೊಳ್ಳಬೇಡಿ.

ಹಕ್ಕಿನ ಕಾಗದ: ಇಲ್ಲೇ ಎಲ್ಲರೂ ಬೀಳುವುದು

ಷರೀಫರ ಪದ ಹಾಡಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಶಿಶುನಾಳ ಷರೀಫರು ತೀರಿಕೊಂಡದ್ದು 1889ರಲ್ಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ. ಹಾಗಾಗಿ ಆ ಸಾಹಿತ್ಯ ಎಲ್ಲರದ್ದು. ದಾಸರ ಪದ, ವಚನ ಕೂಡ ಹಾಗೇ. ಆದರೆ ಹುಷಾರು, ಸಾಹಿತ್ಯ ಬೇರೆ ಧಾಟಿ ಬೇರೆ. ಸಿ. ಅಶ್ವತ್ಥ್ ಅವರು ಸ್ವಂತವಾಗಿ ಕೂಡಿಸಿದ ಧಾಟಿಯಲ್ಲಿ ಹಾಡಿದರೆ ಆ ಧಾಟಿಗೆ ಹಕ್ಕು ಇದೆ. ಅವರು ತೀರಿಕೊಂಡದ್ದು 2009ರಲ್ಲಿ, ಲೆಕ್ಕ ಹಾಕಿದರೆ 2069 ಮುಗಿಯುವವರೆಗೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ ಅವರ ಕವಿತೆಗೆ ನೀವು ಟ್ಯೂನು ಹಾಕಿ ರಿಲೀಸ್ ಮಾಡಬೇಕಾದರೆ 2041ರ ಕೊನೆಯವರೆಗೂ ಅನುಮತಿ ಬೇಕು. "ಅಯ್ಯೋ, ಎಲ್ಲರೂ ಹಾಡ್ತಾರಲ್ಲ" ಅನ್ನುವ ಮಾತು ಹಾಡು ನಮ್ಮದು ಅಂತ ಹಕ್ಕುದಾರರಿಂದ ಯೂಟ್ಯೂಬ್ ಕ್ಲೇಮ್ ಬಂದಾಗ ಕೆಲಸಕ್ಕೆ ಬರುವುದಿಲ್ಲ.

ಸ್ವಂತ ಹಾಡಿಗೆ ಬರೋಣ. ನೀವು ಬರೆದು ಎಲ್ಲಾದರೂ ದಾಖಲು ಮಾಡಿದ ಕ್ಷಣವೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ತೊಂದರೆ ಶುರುವಾಗುವುದು ಜೊತೆಗಾರರು ಇದ್ದಾಗ. ನನ್ನ ಒಂದು ಹಾಡಿಗೆ ಮುಖ್ಯ ರಿಫ್ ಕೊಟ್ಟವನು ಆಗಿನ ನಮ್ಮ ಗಿಟಾರಿಸ್ಟ್. ದರ್ಶಿನಿಯಲ್ಲಿ ಬೈ-ಟು ಕಾಫಿ ಕುಡಿಯುತ್ತಾ "ಎಲ್ಲ ನಮ್ದೇ ಬಿಡು ಮಗಾ" ಅಂದುಕೊಂಡಿದ್ದೆವು. ಆಮೇಲೆ ಅವನು ವಿದೇಶಕ್ಕೆ ಹೋದ, ಮಾತು ಕಡಿಮೆಯಾಯಿತು. ಮೂರು ವರ್ಷ ಬಿಟ್ಟು ಒಂದು ಜಾಹೀರಾತಿಗೆ ಆ ಹಾಡು ಬೇಕು ಅಂತ ಕೇಳಿಕೊಂಡು ಬಂದರು. ಎಲ್ಲ ಹಕ್ಕುದಾರರ ಸಹಿ ಬೇಕು ಅಂದರು, ಅವನಿಗೆ ಫೋನ್ ಮಾಡಿದೆ, ಮೆಸೇಜ್ ಮಾಡಿದೆ, ಉತ್ತರ ಬರುವ ಹೊತ್ತಿಗೆ ಅವರು ಬೇರೆ ಹಾಡು ತೆಗೆದುಕೊಂಡು ಹೋಗಿದ್ದರು. ಆ ದುಡ್ಡಿನಲ್ಲಿ ಒಂದು ಆಲ್ಬಂ ಆಗುತ್ತಿತ್ತು. ಈಗ ಹಾಡು ಮುಗಿದ ದಿನವೇ ಒಂದು ಹಾಳೆಯಲ್ಲಿ ಸಾಹಿತ್ಯ ಯಾರದ್ದು, ಸಂಗೀತ ಯಾರದ್ದು, ಎಷ್ಟೆಷ್ಟು ಪರ್ಸೆಂಟ್ ಅಂತ ಬರೆದು ಎಲ್ಲರ ಸಹಿ ಹಾಕಿಸಿ ಫೋಟೊ ತೆಗೆದು ಗ್ರೂಪಿಗೆ ಹಾಕುತ್ತೇನೆ. ಮೊದಮೊದಲು ಮುಜುಗರ ಆಗುತ್ತದೆ, ಮದುವೆಗೆ ಮುಂಚೆ ಪಾಲುಪಟ್ಟಿ ಮಾಡಿದ ಹಾಗೆ. ಆದರೂ ಮಾಡಿ.

ಆಡಿಯೊ ಕಂಪನಿಯವರು ಕರೆದರೆ ಹೋಗಿ ಮಾತಾಡಿ, ಆದರೆ ಕಾಗದ ಮನೆಗೆ ತಂದು ಓದಿ. 2012ರ ತಿದ್ದುಪಡಿ ಆದಮೇಲೆ ಸಾಹಿತ್ಯ ಬರೆದವರಿಗೂ ಸಂಗೀತ ಕೂಡಿಸಿದವರಿಗೂ ರಾಯಲ್ಟಿಯಲ್ಲಿ ಸಮಪಾಲು ಇದೆ, ಅದನ್ನು ಕಂಪನಿಗೆ ಬರೆದುಕೊಟ್ಟರೂ ಆ ಬರಹ ನಿಲ್ಲುವುದಿಲ್ಲ. ಸಿನಿಮಾ ಹಾಡಾದರೆ ಥಿಯೇಟರಿನಲ್ಲಿ ಸಿನಿಮಾ ಜೊತೆ ಓಡುವುದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. ಒಪ್ಪಂದದಲ್ಲಿ ಎಷ್ಟು ವರ್ಷ ಅಂತ ಬರೆದಿಲ್ಲ ಅಂದರೆ ಕಾಯ್ದೆ ಅದನ್ನು 5 ವರ್ಷ ಅಂತ ತೆಗೆದುಕೊಳ್ಳುತ್ತದೆ, ಯಾವ ದೇಶ ಅಂತ ಬರೆದಿಲ್ಲ ಅಂದರೆ ಭಾರತ ಮಾತ್ರ. ಅದಕ್ಕೇ ಅವರ ಕಾಗದದಲ್ಲಿ ಶಾಶ್ವತವಾಗಿ, ಇಡೀ ವಿಶ್ವಕ್ಕೆ ಅಂತೆಲ್ಲ ಇರುವುದು. ಐಪಿಆರ್‌ಎಸ್ ಅಂತ 1969ರಿಂದ ಇರುವ ಸಂಸ್ಥೆ ಇದೆ, ಬರೆದವರ, ಸಂಗೀತ ಕೂಡಿಸಿದವರ ರಾಯಲ್ಟಿ ಸಂಗ್ರಹಿಸುವುದು ಅವರೇ. ಸದಸ್ಯರಾಗಿ, ಪ್ರತಿ ಹಾಡನ್ನೂ ಅಲ್ಲಿ ದಾಖಲಿಸಿ. ದುಡ್ಡು ನಿಧಾನಕ್ಕೆ ಬರುತ್ತದೆ, ಸಣ್ಣದಾಗಿ ಬರುತ್ತದೆ, ಬರುತ್ತದೆ.

ರೆಕಾರ್ಡಿಂಗ್ ಮತ್ತು ರಿಲೀಸ್

ಇದನ್ನು ಬೇಗ ಮುಗಿಸುತ್ತೇನೆ, ಇದರ ಬಗ್ಗೆ ವಿಡಿಯೊಗಳು ಬೇಕಾದಷ್ಟಿವೆ. ಡ್ರಮ್ಸ್ ಮಾತ್ರ ಒಳ್ಳೆಯ ಸ್ಟುಡಿಯೊದಲ್ಲಿ ಮಾಡಿ, ಉಳಿದದ್ದು ಮನೆಯಲ್ಲೇ ಸಾಕು. ಕಂಠಕ್ಕೆ ನನ್ನ ಜಾಗ ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆಗೆದು ಅದಕ್ಕೆ ಬೆನ್ನು ಹಾಕಿ ನಿಲ್ಲುವುದು, ಎದುರಿಗೆ ಮೈಕಿನ ಹಿಂದೆ ಒಂದು ಕಂಬಳಿ. ಮೇಲೆ ಫ್ಯಾನ್ ಆರಿಸಿ, ಪಕ್ಕದ ಮನೆಯ ಕುಕ್ಕರ್ ಟೈಮ್ ತಿಳಿದುಕೊಂಡಿರಿ. ಮಿಕ್ಸಿಂಗ್ (ಎಲ್ಲ ಸದ್ದುಗಳನ್ನು ಹದವಾಗಿ ಬೆರೆಸುವ ಕೆಲಸ) ಮಾತ್ರ ಬೇರೆಯವರಿಗೆ ಕೊಡಿ, ನಮ್ಮ ಕಂಠ ನಮಗೆ ಯಾವತ್ತೂ ಒಂದೋ ಜಾಸ್ತಿ ಇಲ್ಲ ಕಡಿಮೆ ಅನಿಸುತ್ತದೆ. ಎಲ್ಲ ಟ್ರ್ಯಾಕುಗಳನ್ನೂ ಬಿಡಿಬಿಡಿಯಾಗಿ ಎರಡು ಹಾರ್ಡ್ ಡಿಸ್ಕಿನಲ್ಲಿಡಿ.

ರಿಲೀಸ್‌ಗೆ ಕಡಿಮೆ ಅಂದರೂ 4 ವಾರ ಮೊದಲು, ಹಾಡನ್ನು ಸ್ಪಾಟಿಫೈನಂಥ ಆ್ಯಪ್‌ಗಳಿಗೆ ತಲುಪಿಸುವ ಡಿಸ್ಟ್ರಿಬ್ಯೂಟರ್‌ಗೆ ಕಳಿಸಿ. ಸ್ಪಾಟಿಫೈನಲ್ಲಿ ಹಾಡು ಬರುವ 7 ದಿನ ಮೊದಲೇ ನಿಮ್ಮ ಆರ್ಟಿಸ್ಟ್ ಅಕೌಂಟಿನಿಂದ ಪಿಚ್ ಮಾಡಿದರೆ (ಅಂದರೆ ಪ್ಲೇಲಿಸ್ಟಿಗೆ ಸೇರಿಸಿ ಅಂತ ಕೇಳಿಕೊಂಡರೆ) ನಿಮ್ಮನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿಯಾದ ರಿಲೀಸ್ ರೇಡಾರ್‌ನಲ್ಲಿ ಆ ಹಾಡೇ ಬರುತ್ತದೆ, ಸಂಪಾದಕರೂ ಕೇಳುವ ಸಾಧ್ಯತೆ ಇದೆ. ಭಾಷೆ ಕೇಳುವ ಜಾಗದಲ್ಲಿ ಕನ್ನಡ ಅಂತಲೇ ಆರಿಸಿ, ಅವಸರದಲ್ಲಿ ಇಂಗ್ಲಿಷ್ ಅಂತ ಬಿಟ್ಟವರನ್ನು ನೋಡಿದ್ದೇನೆ. ನಿಮ್ಮ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಹೇಗೆ ಬರೆಯಬೇಕು ಅನ್ನುವುದನ್ನು ಮೊದಲ ದಿನವೇ ತೀರ್ಮಾನಿಸಿ, ಆಮೇಲೆ ಒಂದಕ್ಷರವೂ ಬದಲಾಗಬಾರದು. ನನ್ನ ಎರಡನೆಯ ಹಾಡು ನನ್ನದೇ ಹೆಸರಿನ ಇನ್ಯಾರೋ ಭಕ್ತಿಗೀತೆ ಗಾಯಕರ ಪುಟಕ್ಕೆ ಹೋಗಿ ಕೂತಿತ್ತು. ಅವರ ಭಕ್ತರು ಡಿಸ್ಟಾರ್ಷನ್ ಗಿಟಾರ್ ಕೇಳಿ ಏನಂದುಕೊಂಡರೋ ಗೊತ್ತಿಲ್ಲ, ಅದನ್ನು ಸರಿಪಡಿಸಲು ಒಂದೂವರೆ ತಿಂಗಳು ಹಿಡಿಯಿತು.

ಸ್ಟ್ರೀಮಿಂಗ್ ದುಡ್ಡಿನ ಮೇಲೆ ಆಸೆ ಇಟ್ಟುಕೊಳ್ಳಬೇಡಿ. 2024ರಿಂದ ಸ್ಪಾಟಿಫೈನಲ್ಲಿ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲ ಓಡದಿದ್ದರೆ ಅದಕ್ಕೆ ರಾಯಲ್ಟಿಯೇ ಇಲ್ಲ. ನನ್ನ ಸಂಗೀತದ ಆದಾಯದಲ್ಲಿ ಮುಕ್ಕಾಲು ಪಾಲು ಶೋಗಳಿಂದ ಬರುತ್ತದೆ.

ಸ್ಟೇಜು

ಕನ್ನಡದ ಸ್ವಂತ ಹಾಡುಗಾರರಿಗೆ ಪಬ್ಬುಗಳಿಗಿಂತ ಪೆಂಡಾಲು ಮುಖ್ಯ. ಪಬ್ಬಿನಲ್ಲಿ ಜನ ಮಾತಾಡಲು ಬಂದಿರುತ್ತಾರೆ, ಪೆಂಡಾಲಿಗೆ ನೋಡಲು ಬಂದಿರುತ್ತಾರೆ. ಗಣೇಶೋತ್ಸವ, ದಸರಾ, ಆಮೇಲೆ ನವೆಂಬರ್ ಪೂರ್ತಿ ರಾಜ್ಯೋತ್ಸವ. ಅಪಾರ್ಟ್‌ಮೆಂಟ್ ಸಂಘಗಳು, ಐಟಿ ಕಂಪನಿಗಳ ಕನ್ನಡ ಬಳಗಗಳು, ಆಟೋ ಸ್ಟ್ಯಾಂಡಿನ ಹುಡುಗರು ಎಲ್ಲರೂ ಮಾಡುತ್ತಾರೆ. ಆಟೋ ಸ್ಟ್ಯಾಂಡಿನವರು ದುಡ್ಡು ಕಡಿಮೆ ಕೊಡಬಹುದು, ಶೋ ಮುಗಿದ ರಾತ್ರಿಯೇ ಕೊಡುತ್ತಾರೆ. ಕಂಪನಿಗಳು 60 ದಿನ, 90 ದಿನ ಅಂತ ಎಳೆಯುತ್ತವೆ.

ಪೆಂಡಾಲಿನಲ್ಲಿ ಮೊದಲು ನೋಡಬೇಕಾದದ್ದು ಸೌಂಡ್ ಅಲ್ಲ, ಅರ್ಥಿಂಗ್. ಹಾವೇರಿ ಜಿಲ್ಲೆಯ ಒಂದು ಊರಿನಲ್ಲಿ ಸಂಜೆ ಮಳೆ ಬಂದು ನಿಂತಿತ್ತು, ಸ್ಟೇಜಿನ ಮೇಲೆ ಹಾಸಿದ್ದ ಮ್ಯಾಟ್ ಒದ್ದೆ. ಎಡಗೈಯಲ್ಲಿ ಗಿಟಾರಿನ ತಂತಿ ಹಿಡಿದು ಬಾಯಿ ಮೈಕಿಗೆ ತಾಗಿಸಿದೆ ನೋಡಿ, ಮೇಲಿನ ತುಟಿಗೆ ಸೂಜಿ ಚುಚ್ಚಿದ ಹಾಗೆ ಫಟ್ ಅಂತ ಹೊಡೆಯಿತು. ಜನ ಅದು ಆ್ಯಕ್ಟಿಂಗ್ ಅಂದುಕೊಂಡು ಸಿಳ್ಳೆ ಹಾಕಿದರು. ಗಿಟಾರಿನ ಆಂಪ್‌ಗೆ (ಸದ್ದು ಹೆಚ್ಚಿಸುವ ಪೆಟ್ಟಿಗೆಗೆ) ಒಂದು ಲೈನು, ಮಿಕ್ಸರ್‌ಗೆ ಜನರೇಟರಿನ ಇನ್ನೊಂದು ಲೈನು, ಅರ್ಥ್ ಎಲ್ಲೂ ಸರಿ ಇರಲಿಲ್ಲ. ಅವತ್ತು ಅದೃಷ್ಟ ಚೆನ್ನಾಗಿತ್ತು, ಇದರಲ್ಲಿ ಜೀವವೇ ಹೋಗಬಹುದು. ಈಗ ಗಿಟಾರ್ ಬ್ಯಾಗಿನಲ್ಲಿ ಒಂದು ಟೆಸ್ಟರ್ ಇರುತ್ತದೆ, ಮೈಕಿಗೆ ಹಾಕುವ ಸ್ಪಂಜಿನ ಟೋಪಿ ಇರುತ್ತದೆ, ರಬ್ಬರ್ ಸೋಲಿನ ಶೂ ಹಾಕುತ್ತೇನೆ. ಮಿಕ್ಸರ್, ಆಂಪ್ ಎಲ್ಲ ಒಂದೇ ಲೈನಿನಿಂದ, ಅರ್ಥ್ ಸರಿ ಇರುವ ಬೋರ್ಡಿನಿಂದ ಬರಲಿ ಅಂತ ಪಟ್ಟು ಹಿಡಿಯುತ್ತೇನೆ. ಟೆಸ್ಟರ್ ಮೈಕಿನ ಜಾಲರಿಗೆ ಮುಟ್ಟಿಸಿದಾಗ ಉರಿದರೆ ಎಲೆಕ್ಟ್ರಿಷಿಯನ್ ಬಂದು ಸರಿ ಮಾಡುವವರೆಗೆ ಹಾಡುವುದಿಲ್ಲ, ಆಯೋಜಕರು ಏನೇ ಅಂದರೂ.

ಸೌಂಡಿನವರ ಜೊತೆ ಸ್ನೇಹ ಬೇಕು. ಆರ್ಕೆಸ್ಟ್ರಾಗಳಿಗೆ ಸೌಂಡ್ ಕೊಟ್ಟು ರೂಢಿಯಾದವರು ಎಕೋ ಜಾಸ್ತಿ ಹಾಕುತ್ತಾರೆ, ನಿಮ್ಮ ಒತ್ತಕ್ಷರ ಎಲ್ಲ ಅದರಲ್ಲಿ ಕರಗಿ ಹೋಗುತ್ತವೆ. "ಅಣ್ಣಾ, ಎಕೋ ಪೂರ್ತಿ ತೆಗೀರಿ, ಮಾತು ಕೇಳಬೇಕು" ಅಂತ ಟೀ ಕುಡಿಯುವಾಗಲೇ ಹೇಳಿ, ಸ್ಟೇಜ್ ಮೇಲಿಂದ ಮೈಕಿನಲ್ಲಿ ಹೇಳಿದರೆ ಅವರಿಗೆ ಅವಮಾನ. ಅಕೌಸ್ಟಿಕ್ ಗಿಟಾರಿಗೆ ನಿಮ್ಮದೇ ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರ್‌ಗೆ ಜೋಡಿಸುವ ಡಬ್ಬಿ) ಇರಲಿ. ರಾತ್ರಿ 10ಕ್ಕೆ ಲೌಡ್‌ಸ್ಪೀಕರ್ ನಿಲ್ಲಿಸಬೇಕು ಅನ್ನುವ ನಿಯಮ ಇದೆ, ಭಾಷಣಗಳು ಮುಗಿಯುವುದು ಒಂಬತ್ತೂಕಾಲಿಗೆ, ಆದ್ದರಿಂದ ಒಂದೂವರೆ ಗಂಟೆಯ ಶೋವನ್ನು ನಲವತ್ತು ನಿಮಿಷದಲ್ಲಿ ಮುಗಿಸುವ ಪಟ್ಟಿಯೂ ಜೇಬಿನಲ್ಲಿರಲಿ. ಮೊದಲ ಹಾಡು ಜನರಿಗೆ ಗೊತ್ತಿರುವ ತತ್ವಪದ, ಎರಡನೆಯದೂ ಹಾಗೇ, ಮೂರನೆಯದು ನಿಮ್ಮದು. ಚೀಟಿ ಬರುತ್ತವೆ, "ಅಣ್ಣಾ ಫಿಲ್ಮ್ ಸಾಂಗ್". ನಾನು ಚೀಟಿ ಮೈಕಿನಲ್ಲೇ ಓದಿ, ಕೊಟ್ಟವರನ್ನು ಎರಡು ಮಾತು ಆಡಿಸಿ, ನನ್ನದೇ ಹಾಡು ಶುರು ಮಾಡುತ್ತೇನೆ. ಹತ್ತರಲ್ಲಿ ಏಳು ಸಲ ನಡೆಯುತ್ತದೆ.

ವಿದೇಶದ ಕನ್ನಡ ಕೂಟಗಳಿಂದ ಕರೆ ಬಂದರೆ ಮೊದಲು ವೀಸಾ ಕೇಳಿ. ಅಮೆರಿಕದಲ್ಲಿ ಇಂಥ ಸಾಂಸ್ಕೃತಿಕ ಕಲಾವಿದರಿಗೆ ಪಿ-3 ಅಂತ ವೀಸಾ ಇದೆ, ಅರ್ಜಿ ಅಲ್ಲಿನವರು ಹಾಕಬೇಕು. "ಟೂರಿಸ್ಟ್ ವೀಸಾದಲ್ಲಿ ಬನ್ನಿ, ದುಡ್ಡು ಕೈಗೆ ಕೊಡ್ತೀವಿ" ಅಂದರೆ ನಯವಾಗಿ ಬೇಡ ಅನ್ನಿ.

ವರ್ಷದ ಲೆಕ್ಕ

ನೌಕರಿ ಬಿಡುವುದು ಯಾವಾಗ? ಸತತ ಎರಡು ವರ್ಷ ಸಂಗೀತದಿಂದ ಬಂದ ದುಡ್ಡು ಮನೆ ಬಾಡಿಗೆ, ದಿನಸಿ, ಇಎಂಐ ಮೂರನ್ನೂ ಮುಚ್ಚಿದರೆ ಯೋಚಿಸಿ. ನನಗೆ ಇನ್ನೂ ಮುಚ್ಚಿಲ್ಲ. ಶೋ ದುಡ್ಡಿನಲ್ಲಿ ಕಂಪನಿಗಳು 10 ಪರ್ಸೆಂಟ್ ಟಿಡಿಎಸ್ ಹಿಡಿಯುತ್ತವೆ, ರಿಟರ್ನ್ ಹಾಕಿದರೆ ಎಷ್ಟೋ ಜನರಿಗೆ ವಾಪಸ್ ಬರುತ್ತದೆ, ಬಿಡಬೇಡಿ. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ, ಆ ದಿನ ಬಂದರೆ ನನಗೂ ಸ್ವೀಟ್ ಕೊಡಿಸಿ.

ನಾನು ಬೇಸಿಗೆಯಲ್ಲಿ ಬರೆಯುತ್ತೇನೆ, ಮಳೆಗಾಲದಲ್ಲಿ ಶೋ ಇರುವುದಿಲ್ಲವಾದ್ದರಿಂದ ಆಗ ರೆಕಾರ್ಡಿಂಗ್, ಆಗಸ್ಟ್ ಕೊನೆಗೆ ಒಂದು ಹಾಡು ಹೊರಗೆ. ರಾಜ್ಯೋತ್ಸವದ ಸಮಿತಿಯವರು ಫೋನ್ ಮಾಡಲು ಶುರು ಮಾಡುವುದು ಸೆಪ್ಟೆಂಬರಿನಲ್ಲಿ, ಅವರು ಯಾರೂ ಆಲ್ಬಂ ಲಿಂಕ್ ಒತ್ತಿ ಕೇಳುವುದಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹೋಗುವಂಥ ಮೂರು ನಿಮಿಷದ ಲೈವ್ ವಿಡಿಯೊ ಕೇಳುತ್ತಾರೆ, ಅದರಲ್ಲಿ ನಿಮಗಿಂತ ಜಾಸ್ತಿ ಜನ ಕುಣಿಯುವುದು ಕಾಣಬೇಕು. ಅದನ್ನು ಈ ಸಲದ ಗಣಪತಿಯಲ್ಲೇ ಯಾರಾದರೂ ಗೆಳೆಯರ ಕೈಯಲ್ಲಿ ಫೋನ್ ಅಡ್ಡ ಹಿಡಿಸಿ ತೆಗೆಸಿಟ್ಟುಕೊಳ್ಳಿ.